ಖಾಲಿ ಬಿಟ್ಟ ನೆಲ: ಥಾರ್ ಮರುಭೂಮಿಯ ಒಂದು ಶಾಲೆಯಂಗಳ

(ಬಯಲುಸೀಮೆಯ ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಕೊಪ್ಪಳದ ಕಡೆ. ಹಾಗಾಗಿ ರಾಜಸ್ಥಾನದ ಹಳ್ಳಿ ಶಾಲೆಗಳ ಅಂಗಳ ರೂಪಿಸುವ ಕೆಲಸಕ್ಕೆ ಹೋದಾಗ, ಬರ ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡೇ ಹೋದೆ. ಗೊತ್ತಿರಲಿಲ್ಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಬರದ ಸೀಮೆ ಅನ್ನಿಸಿಕೊಂಡ ನಮ್ಮ ಚಳ್ಳಕೆರೆಗೂ ಇದರ ಎರಡು ಪಟ್ಟು ಬೀಳುತ್ತದೆ. ಆ 200 ಮಿಲಿಮೀಟರೂ ಹದವಾಗಿ ಬರುವುದಿಲ್ಲ. ಬಹುಪಾಲು ಜುಲೈ, ಆಗಸ್ಟ್ ತಿಂಗಳ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಅಲ್ಲಿನ ಬಿಸಿಲು, ಗಾಳಿಗೆ ವರ್ಷಕ್ಕೆ 2000 ಮಿಲಿಮೀಟರಿನಷ್ಟು ನೀರನ್ನು ಆವಿ ಮಾಡುವ ಶಕ್ತಿ ಇದೆ. ಆಕಾಶ ಕೊಡುವುದು ಒಂದು ಕೊಡ, ಸೂರ್ಯ ಕೇಳುವುದು ಹತ್ತು ಕೊಡ. ಜೈಸಲ್ಮೇರ್‌ಗೆ ಹೋಗುವ ದಾರಿಯಲ್ಲಿ ಫಲೋದಿ ಅಂತ ಒಂದು ಊರು ಸಿಗುತ್ತದೆ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು.

ಇಂಥ ಜಾಗದಲ್ಲಿ 120 ಮಕ್ಕಳ ಒಂದು ಶಾಲೆ. ಅಂಗಳವನ್ನು ಹಸಿರು ಮಾಡಿಕೊಡಿ ಅಂತ ನನಗೆ ಹೇಳಿದ್ದರು. ಮೇ ತಿಂಗಳ ಕೊನೆಗೆ ಹೋಗಿ ನೋಡಿದೆ. ಶಾಲೆಗೆ ರಜೆ. ಕಟ್ಟಡದ ಹಿಂದೆ ಕಾಲು ಎಕರೆಯಷ್ಟು ನೆಲ ಸುಮ್ಮನೆ ಬಿದ್ದಿತ್ತು. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಗಟ್ಟಿ ನೆಲ, ಗುಡಿಸಿಟ್ಟ ಹಾಗೆ ನುಣುಪು, ಒಂದು ಮಗ್ಗುಲಿಗೆ ಸಣ್ಣಗೆ ಇಳಿಜಾರು. ತಗ್ಗಿನ ತುದಿಯಲ್ಲಿ ಮುಚ್ಚಳ ಹಾಕಿದ ಒಂದು ದುಂಡು ಕಟ್ಟೆ. ಹಾಳುಬಿದ್ದ ಬಂಜರು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಕೂಲಿಯವರನ್ನು ಕರೆಸಿ ಆ ನೆಲದಲ್ಲಿ ಸಾಲಾಗಿ 60 ಗುಂಡಿ ತೋಡಿಸಿದೆ. ಎರಡಡಿ ಅಗಲ, ಎರಡಡಿ ಆಳ. ಬೇವು, ಗುಲ್‌ಮೊಹರ್ ಹಾಕುವುದು ಅಂತ ಯೋಜನೆ.

ರಜೆ ಮುಗಿದು ಶಾಲೆ ತೆರೆದ ದಿನ ಬಿಸಿಯೂಟದ ಅಡುಗೆಯವರು ಬಂದರು. ಊರಿಗೆಲ್ಲ ಅವರು ಕಾಕೀ, ಅಂದರೆ ಚಿಕ್ಕಮ್ಮ. ನನಗೂ ಕಾಕೀ. ತಲೆ ಮೇಲಿನ ಕೊಡ ಇಳಿಸಿ, ಓಢಣಿ ಸರಿಮಾಡಿಕೊಂಡು, ಗುಂಡಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಆ ನೆಲದ ಮೇಲೆ ಕಾಲಿಟ್ಟರು. ಒಂದು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅಗೆದ ಮಣ್ಣನ್ನು ಕೈಯಲ್ಲಿ ಹಿಡಿದು, “ಬೇಟಾ, ಆಗೋರ್ ಒಡೆದುಬಿಟ್ಟೆಯಲ್ಲ” ಅಂದರು. ಗದರಲಿಲ್ಲ. ಸಾವಿನ ಮನೆಯಲ್ಲಿ ಮಾತಾಡುವ ದನಿ ಇತ್ತು ಅದರಲ್ಲಿ.

ಆಗೋರ್ ಅಂದರೆ ಏನು ಅಂತ ಅವತ್ತು ನನಗೆ ತಿಳಿದಿರಲಿಲ್ಲ. ಜುಲೈನಲ್ಲಿ ತಿಳಿಯಿತು. ಎರಡು ಒಳ್ಳೆ ಮಳೆ ಬಂತು. ನಾನು ಬಂಜರು ಅಂದುಕೊಂಡ ನೆಲವೇ ಆಗೋರ್, ಮಳೆ ನೀರು ಹಿಡಿಯುವ ಅಂಗಳ. ಅದರ ಮೇಲೆ ಬಿದ್ದ ನೀರೆಲ್ಲ ಹರಿದು ತಗ್ಗಿನ ಕಟ್ಟೆಯೊಳಗೆ ಇಳಿಯಬೇಕಿತ್ತು. ಆ ಕಟ್ಟೆಯ ಕೆಳಗಿದ್ದದ್ದು ಟಾಂಕಾ, ನೆಲದೊಳಗಿನ ನೀರಿನ ತೊಟ್ಟಿ. ಮಕ್ಕಳು ವರ್ಷವಿಡೀ ಕುಡಿಯುವ ನೀರು ಅದರದ್ದೇ. ನನ್ನ 60 ಗುಂಡಿಗಳು ಅದನ್ನು ಅಲ್ಲಲ್ಲೇ ಕುಡಿದುಬಿಟ್ಟವು. ಟಾಂಕಾದಲ್ಲಿ ನಿಂತದ್ದು ಮೊಣಕಾಲುದ್ದ ನೀರು. ದೀಪಾವಳಿ ಕಳೆಯುವ ಹೊತ್ತಿಗೆ ಶಾಲೆಗೆ ಟ್ಯಾಂಕರ್ ನೀರು ಕೊಳ್ಳಬೇಕಾಯಿತು. ಗುಂಡಿಯಲ್ಲಿ ನೆಟ್ಟ ಗುಲ್‌ಮೊಹರ್ ಮುಂದಿನ ಮೇ ತಿಂಗಳಿಗೆ ಒಂದೂ ಉಳಿಯಲಿಲ್ಲ.

ಇಷ್ಟು ವಿವರವಾಗಿ ಇದನ್ನು ಹೇಳುತ್ತಿರುವುದಕ್ಕೆ ಕಾರಣ ಇದೆ. ಮರುಭೂಮಿಯಲ್ಲಿ ಶಾಲೆಯಂಗಳ ರೂಪಿಸುವ ಬಗ್ಗೆ ನನಗೆ ಗೊತ್ತಿರುವುದೆಲ್ಲ ಕಾಕೀ ಆಡಿದ ಆ ಒಂದು ಮಾತಿನಿಂದ ಹುಟ್ಟಿದ್ದು. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಎಲ್ಲಿ ಏನು ನೆಡಬೇಕು ಅನ್ನುವುದಲ್ಲ, ಯಾವ ನೆಲವನ್ನು ಖಾಲಿ ಬಿಡಬೇಕು ಅನ್ನುವುದು. ಆ ಖಾಲಿ ನೆಲ ಬೆಳೆಯುವುದು ನೀರನ್ನು. ನಮ್ಮ ಕಣ್ಣಿಗೆ ಬರಿ ನೆಲ ಕಂಡರೆ ಬೀಳು, ಬಂಜರು ಅಂತಲೇ ಕಾಣುತ್ತದೆ. ಥಾರ್‌ನ ಜನ ಅದನ್ನು ಗುಡಿಸಿ, ಬಡಿದು, ಗಟ್ಟಿ ಮಾಡಿ ಇಡುತ್ತಾರೆ. ಆಗೋರ್ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯುವುದಿಲ್ಲ, ದನಕರು ಬಿಡುವುದಿಲ್ಲ, ಮಳೆಗಾಲಕ್ಕೆ ಮುಂಚೆ ಊರವರೇ ಸೇರಿ ಚೊಕ್ಕ ಮಾಡುತ್ತಾರೆ. ಮಳೆ ನೀರಿಗೆ ಅಲ್ಲಿ ಪಾಲರ್ ಪಾನಿ ಅನ್ನುತ್ತಾರೆ, ನೆಲದಾಳದ ನೀರಿಗೆ ಪಾತಾಳ್ ಪಾನಿ. ಪಾತಾಳದ ನೀರು ಎಷ್ಟೋ ಕಡೆ ಉಪ್ಪು, ಹಲವು ಕಡೆ ಫ್ಲೋರೈಡ್. ಕೊಳವೆಬಾವಿ ಕೊರೆಸಿಬಿಡೋಣ ಅನ್ನುವ ನಮ್ಮ ಚಾಳಿ ಅಲ್ಲಿ ನಡೆಯುವುದಿಲ್ಲ.

ಇದರ ದೊಡ್ಡ ರೂಪ ನೋಡಬೇಕೆಂದರೆ ಜೈಸಲ್ಮೇರ್ ಸುತ್ತಲಿನ ಖಡೀನ್‌ಗಳನ್ನು ನೋಡಬೇಕು. ಪಾಲಿವಾಲ್ ಬ್ರಾಹ್ಮಣರು 15ನೇ ಶತಮಾನದ ಹೊತ್ತಿಗೆ ರೂಢಿಗೆ ತಂದದ್ದು ಅನ್ನುತ್ತಾರೆ. ಸುತ್ತ ಕಲ್ಲುನೆಲದ ದಿಬ್ಬ, ನಡುವೆ ತಗ್ಗು, ತಗ್ಗಿನ ಕೊನೆಗೆ ಅಡ್ಡಲಾಗಿ ಒಂದು ಮಣ್ಣಿನ ಏರಿ. ದಿಬ್ಬದ ನೀರು ಹರಿದು ಬಂದು ಏರಿಗೆ ತಡೆದು ನಿಲ್ಲುತ್ತದೆ, ತಂದ ಹೂಳನ್ನೂ ಇಳಿಸುತ್ತದೆ. ನೀರು ಇಂಗಿದ ಮೇಲೆ ನವೆಂಬರ್ ಸುಮಾರಿಗೆ ಆ ತೇವದಲ್ಲಿ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸುವುದಿಲ್ಲ. ಒಂದು ಎಕರೆ ಪೈರಿಗೆ ಹತ್ತು ಹನ್ನೆರಡು ಎಕರೆ ಬರಿ ಕಲ್ಲುನೆಲ ನೀರು ಕೊಡುತ್ತದೆ. ಆ ಕಲ್ಲುನೆಲವನ್ನು ಉಪಯೋಗಕ್ಕೆ ತರುತ್ತೇನೆ ಅಂತ ಯಾರಾದರೂ ಹೊರಟರೆ ಕೆಳಗಿನ ಗೋಧಿ ಹೋಯಿತು.

ಸರಿ, ಆ ಶಾಲೆಗೆ ವಾಪಸ್ ಬರೋಣ. ಮುಂದಿನ ವರ್ಷ ನಾವು ಮೊದಲು ಮಾಡಿದ್ದು ಗುಂಡಿ ಮುಚ್ಚುವ ಕೆಲಸ. ಮೊರಂ ಮಣ್ಣು ಹೊಡೆಸಿ, ನೀರು ಚಿಮುಕಿಸಿ, ದಿಮ್ಮಸು ಹಾಕಿ ಬಡಿದೆವು. ಅದಾದ ಮೇಲೆಯೇ ಕಾಗದ, ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂತದ್ದು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆವು. ನಿಮ್ಮಲ್ಲಿ ಗಣಿತದ ಮೇಷ್ಟ್ರುಗಳು ಇದ್ದರೆ ದಯವಿಟ್ಟು ಗಮನಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಶಾಲೆಯ ತಾರಸಿ 300 ಚದರ ಮೀಟರ್, ಮಳೆ 200 ಮಿಲಿಮೀಟರ್, ಬಿದ್ದದ್ದು 60,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತು ಅಂದುಕೊಂಡರೂ ಕೈಗೆ 48,000 ಬರುತ್ತದೆ. 120 ಮಕ್ಕಳು, ದಿನಕ್ಕೆ ಎರಡು ಲೀಟರ್, 220 ಶಾಲಾ ದಿನ: 52,800 ಲೀಟರ್. ಏಳನೇ ತರಗತಿಯ ಹುಡುಗಿಯೊಬ್ಬಳು ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ನಾವು ಕುಡಿಯೋ ನೀರು ನಮ್ಮ ತಲೆ ಮೇಲೇ ಬೀಳ್ತಿದೆ” ಅಂದಳು. ಅಲ್ಲಿಯವರೆಗೆ ತಾರಸಿಯ ನೀರು ಕೊಳವೆಯಿಂದ ಮರಳಿಗೆ ಬಿದ್ದು ಹೋಗುತ್ತಿತ್ತು.

ಹೀಗೆ ನೀರನ್ನು ಪಾಲು ಮಾಡಿದೆವು. ತಾರಸಿಯ ನೀರು ಮೊದಲ ಮಳೆಯ ಕೊಳೆ ತೊಳೆದು ಹೊರಗೆ ಬಿಟ್ಟಾದ ಮೇಲೆ ಹೊಸ ಟಾಂಕಾಕ್ಕೆ. ಅದು ಕುಡಿಯುವುದಕ್ಕೆ ಮಾತ್ರ. ಆಗೋರ್‌ನ ನೀರು ಹಳೇ ಟಾಂಕಾಕ್ಕೆ. ಅದು ಗಿಡಕ್ಕೆ, ಮತ್ತು ಕೆಟ್ಟ ವರ್ಷ ಬಂದರೆ ಸೋಸಿ ಕುಡಿಯುವುದಕ್ಕೆ. ಕಾಲು ಎಕರೆ ಅಂದರೆ ಸುಮಾರು 1000 ಚದರ ಮೀಟರ್. ಮಣ್ಣಿನ ಆಗೋರ್‌ನಿಂದ ಬಿದ್ದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಹಿಡಿದರೂ ಒಳ್ಳೆ ವರ್ಷಕ್ಕೆ 60,000 ಲೀಟರ್ ದಕ್ಕುತ್ತದೆ. ತೋಟ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಆ ಅಂಕಿ ತೀರ್ಮಾನಿಸಿತು. ನನ್ನ ಆಸೆಗೆ, ಮುಖ್ಯೋಪಾಧ್ಯಾಯರ ಆಸೆಗೆ ಅಲ್ಲಿ ಜಾಗ ಇರಲಿಲ್ಲ.

ಟಾಂಕಾ ತುಂಬಿ ಹೆಚ್ಚಾದರೆ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲೇ ಯೋಚಿಸಬೇಕು. ಮರುಭೂಮಿಯಲ್ಲಿ ಪ್ರವಾಹವೇ ಅಂತ ನಗಬೇಡಿ. 2006ರ ಆಗಸ್ಟ್‌ನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ಎರಡು ವರ್ಷದ ಮಳೆ ಕೆಲವೇ ದಿನಗಳಲ್ಲಿ ಸುರಿಯಿತು. ಕವಾಸ್ ಅನ್ನುವ ಹಳ್ಳಿ ಮುಳುಗಿತು. ನೆಲದಡಿ ಜಿಪ್ಸಂ ಪದರ ಇದ್ದದ್ದರಿಂದ ನೀರು ಇಂಗದೆ ತಿಂಗಳುಗಟ್ಟಲೆ ನಿಂತಿತ್ತು. ಖಡೀನ್ ಏರಿಗೆ ಕಲ್ಲಿನ ಕೋಡಿ ಇಡುತ್ತಾರೆ, ಅದಕ್ಕೆ ನೇಷ್ಟಾ ಅಂತ ಹೆಸರು. ಶಾಲೆಯಲ್ಲೂ ಅಂಥ ಕೋಡಿ ಒಂದನ್ನು ಕಟ್ಟಿ, ಹೆಚ್ಚಾದ ನೀರು ಹೋಗುವ ತಗ್ಗಿನಲ್ಲೇ ಮರಗಳನ್ನು ಕೂರಿಸಿದೆವು.

ಯಾವ ಮರ? ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕಂದರೆ ಈ ಮರ ನಮಗೂ ಬೇಕಾದದ್ದು. ಅಲ್ಲಿ ಅದಕ್ಕೆ ಖೇಜ್ಡಿ ಅಂತಾರೆ. 1983ರಿಂದ ರಾಜಸ್ಥಾನದ ರಾಜ್ಯ ಮರ. ನಮ್ಮ ಶಮಿ, ನಮ್ಮ ಬನ್ನಿ ಅದೇ. ನಮ್ಮಲ್ಲಿ ಕೆಲವು ಊರುಗಳಲ್ಲಿ ಬೇರೆ ಜಾತಿಯ ಮುಳ್ಳುಮರವನ್ನೂ ಬನ್ನಿ ಅಂತಲೇ ಪೂಜಿಸುತ್ತಾರೆ, ಅದು ಬೇರೆ ಮಾತು. ದಸರೆಯ ದಿನ ಬನ್ನಿ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುತ್ತೇವಲ್ಲ, ಆ ಬಂಗಾರದ ಅರ್ಥ ನನಗೆ ಆದದ್ದು ಜೈಸಲ್ಮೇರ್‌ನ ಏಪ್ರಿಲ್ ತಿಂಗಳಲ್ಲಿ. ಸುತ್ತ ಎಲ್ಲ ಒಣಗಿ ನಿಂತಿರುವಾಗ ಖೇಜ್ಡಿ ಚಿಗುರುತ್ತದೆ. ಬೇರು ಪಾತಾಳಕ್ಕೆ ಇಳಿಯುತ್ತದೆ. ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವ ಜಾತಿ ಅದು, ಹಾಗಾಗಿ ಅದರ ಬುಡದಲ್ಲಿ ಸಜ್ಜೆ ಸೊಂಪಾಗಿ ಬರುತ್ತದೆ. ರೈತರು ಹೊಲದ ನಡುವಿನ ಖೇಜ್ಡಿಯನ್ನು ಕಡಿಯುವುದಿಲ್ಲ. ಚಳಿಗಾಲದಲ್ಲಿ ಕೊಂಬೆ ಸವರಿ ಸೊಪ್ಪನ್ನು ಮೇಕೆ, ಒಂಟೆಗೆ ಹಾಕುತ್ತಾರೆ. ಎಳೇ ಕಾಯಿ ಸಾಂಗ್ರಿ, ಅದು ಪಲ್ಯಕ್ಕೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ಕಡಿಯಲು ಬಂದವರಿಂದ ಈ ಮರಗಳನ್ನು ಉಳಿಸಲು ಅವನ್ನು ತಬ್ಬಿಕೊಂಡು ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಆ ಶಾಲೆಯ ಒಂದನೇ ತರಗತಿ ಮಗುವಿಗೂ ಈ ಕಥೆ ಗೊತ್ತಿತ್ತು. ಹಾಗಿದ್ದೂ ಶಾಲೆಯ ಅಂಗಳದಲ್ಲಿ ಒಂದೇ ಒಂದು ಖೇಜ್ಡಿ ಇರಲಿಲ್ಲ. ಹೊಲದ ಮರ, ಹಳ್ಳಿ ಮರ, ಶಾಲೆಗೆ ಚಂದ ಕಾಣಲ್ಲ ಅನ್ನುವ ಭಾವನೆ. ಇದು ನನ್ನನ್ನು ಈಗಲೂ ನೋಯಿಸುತ್ತದೆ.

ಅದೇ ವಂಶದ ಇನ್ನೊಂದು ಮರದ ಕಥೆಯೂ ಹೇಳಬೇಕು. ನಾವು ಬಳ್ಳಾರಿ ಜಾಲಿ ಅನ್ನುತ್ತೇವೆ, ಅವರು ವಿಲಾಯತಿ ಬಬೂಲ್ ಅನ್ನುತ್ತಾರೆ. ಅಮೆರಿಕ ಖಂಡದಿಂದ ಬಂದದ್ದು. ಬೇಗ ಬೆಳೆಯುತ್ತದೆ, ಮರಳು ಹಿಡಿಯುತ್ತದೆ ಅಂತ ಸಂಸ್ಥಾನದ ಕಾಲದಲ್ಲೇ ಮಾರವಾಡದಲ್ಲಿ ಅದನ್ನು ಹಬ್ಬಿಸಿದರು. ಅದರ ಬುಡದಲ್ಲಿ ಹುಲ್ಲೂ ಬೆಳೆಯಲು ಕಷ್ಟ. ಒಮ್ಮೆ ಬೇರು ಬಿಟ್ಟರೆ ಕಡಿದಷ್ಟೂ ಚಿಗುರುತ್ತದೆ. ಬೇಗ ಹಸಿರಾಗಬೇಕು ಅನ್ನುವ ಅವಸರಕ್ಕೆ ಸಿಕ್ಕ ಫಲ ಏನು ಅಂತ ಬಳ್ಳಾರಿ, ರಾಯಚೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಖೇಜ್ಡಿಯ ಒಂದೇ ಕಷ್ಟ ಅಂದರೆ ನಿಧಾನ. ಮೊದಲ ಕೆಲವು ವರ್ಷ ಬೇರಿಗೇ ಎಲ್ಲ ಶಕ್ತಿ ಸುರಿಯುತ್ತದೆ, ಮೇಲೆ ನೋಡಿದರೆ ಮೊಣಕಾಲೆತ್ತರ. ಇವತ್ತು ಒಂದನೇ ತರಗತಿಗೆ ಸೇರಿದ ಮಗುವಿಗೆ ಅದು ನೆರಳು ಕೊಡುವುದಿಲ್ಲ. ಹಾಗಾಗಿ ಇವತ್ತಿನ ನೆರಳಿಗೆ ಚಪ್ಪರ ಹಾಕಿದೆವು. ಅಲ್ಲಿನ ಗುಡಿಸಲುಗಳಿಗೆ ಹೊದಿಸುವ ಖೀಂಪ್ ಅನ್ನುವ ಎಲೆಯಿಲ್ಲದ ಪೊದೆಯ ಕಡ್ಡಿ ಇದೆ, ಅದರ ಹೊದಿಕೆ. ಮಧ್ಯಾಹ್ನ ಎರಡು ಗಂಟೆಗೆ ಚಪ್ಪರದ ಹೊರಗೆ ಬರಿಗಾಲು ಇಡಲಾಗದು, ಒಳಗೆ ಮಕ್ಕಳು ನೆಲದ ಮೇಲೆ ಕೂತು ಉಣ್ಣುತ್ತಾರೆ. ಇದೇ ಜಿಲ್ಲೆಯ ಕನೋಯಿ ಹಳ್ಳಿಯಲ್ಲಿ ರಾಜಕುಮಾರಿ ರತ್ನಾವತಿ ಹೆಣ್ಣುಮಕ್ಕಳ ಶಾಲೆ ಇದೆ, ಅಮೆರಿಕದ ವಾಸ್ತುಶಿಲ್ಪಿ ಡಯಾನಾ ಕೆಲಾಗ್ ರೂಪಿಸಿದ್ದು. ಮೊಟ್ಟೆಯಾಕಾರದ ಕಟ್ಟಡ, ಜೈಸಲ್ಮೇರಿನ ಹಳದಿ ಮರಳುಗಲ್ಲು, ಬಿಸಿಗಾಳಿ ತಣಿಸುವ ಜಾಲಂಧ್ರದ ಗೋಡೆ, ನಡುವೆ ಮಳೆ ನೀರು ಹಿಡಿಯುವ ಅಂಗಳ. ಅಷ್ಟು ಖರ್ಚು ಮಾಡುವ ಶಕ್ತಿ ಹಳ್ಳಿ ಶಾಲೆಗೆ ಇಲ್ಲದಿರಬಹುದು. ಆದರೆ ಅಂಗಳವೇ ನೀರಿನ ಪಾತ್ರೆ, ಗೋಡೆಯೇ ನೆರಳು ಅನ್ನುವ ಅದರ ವಿಚಾರವನ್ನು ಚಪ್ಪರಕ್ಕೂ ಆಗೋರ್‌ಗೂ ಇಳಿಸಬಹುದು.

ಬೇಸಿಗೆಯಲ್ಲಿ ನೈಋತ್ಯದಿಂದ ಮರಳುಗಾಳಿ ಬೀಸುತ್ತದೆ. ಆ ಮಗ್ಗುಲಿಗೆ ಬೇಲಿ ಬೇಕು. ಇಟ್ಟಿಗೆ ಗೋಡೆ ಕಟ್ಟಿದರೆ ಗಾಳಿ ಅದನ್ನು ಹಾರಿ ಒಳಗೆ ಸುಳಿ ಸುತ್ತಿ ಮರಳು ಸುರಿಯುತ್ತದೆ. ಗಾಳಿಯನ್ನು ಪೂರ್ತಿ ತಡೆಯದೆ ಸೋಸಿ ಬಿಡುವ ಬೇಲಿ ಒಳ್ಳೆಯದು. ಹೊರಗಿನ ಸಾಲಿಗೆ ಒಣ ಮುಳ್ಳಿನ ಕಂಟಿ, ಅದರ ಒಳಗೆ ಸೇವಣ್ ಹುಲ್ಲು ಮತ್ತು ಫೋಗ್ ಪೊದೆ, ಅದರ ಒಳಗೆ ಬೋರೆ, ಕೇರ್ ಅನ್ನುವ ಮುಳ್ಳುಪೊದೆ, ಕುಮಟ ಅನ್ನುವ ಮುಳ್ಳುಮರ, ಗೂಂದಾ. ಗೂಂದಾ ಅಂದರೆ ನಮ್ಮ ಚಳ್ಳೆಹಣ್ಣಿನ ಜಾತಿ. ಈ ಪಟ್ಟಿ ಕೊಟ್ಟದ್ದು ಯಾವ ನರ್ಸರಿಯವರೂ ಅಲ್ಲ, ಕಾಕೀ. ಮಾರವಾಡಿಗಳ ಮದುವೆ ಊಟಕ್ಕೆ ಪಂಚಕೂಟಾ ಅಂತ ಒಂದು ಪಲ್ಯ ಮಾಡುತ್ತಾರೆ. ಸಾಂಗ್ರಿ, ಕೇರ್ ಕಾಯಿ, ಕುಮಟದ ಬೀಜ, ಗೂಂದಾ, ಎಲ್ಲ ಒಣಗಿಸಿಟ್ಟದ್ದು. ಐದನೆಯದು ಮನೆಮನೆಗೂ ಬೇರೆ: ಒಬ್ಬರು ಒಣಮೆಣಸಿನಕಾಯಿ ಅನ್ನುತ್ತಾರೆ, ಇನ್ನೊಬ್ಬರು ಒಣ ಮಾವಿನ ಹೋಳು. “ಬೇಲಿಗೆ ಪಂಚಕೂಟಾ ಹಾಕು, ಬೇಲಿ ಕಾಯುವವರು ತಾವೇ ಹುಟ್ಟುತ್ತಾರೆ” ಅಂದರು ಕಾಕೀ. ಹಾಗೇ ಆಯಿತು. ಮೂರನೇ ವರ್ಷದಿಂದ ಬೇಲಿಗೆ ಮೇಕೆ ನುಗ್ಗಿಸಿದವರನ್ನು ತಾಯಂದಿರೇ ತಡೆಯತೊಡಗಿದರು.

ಇನ್ನು ಬೇಸಾಯ. ಮುಂಗಾರಿನಲ್ಲಿ ಅಲ್ಲಿನ ಹೊಲದ ಕಟ್ಟುಪಾಡನ್ನೇ ಚಿಕ್ಕದು ಮಾಡಿ ಹಾಕಿದೆವು: ಸಜ್ಜೆ, ಮಡಕೆ ಕಾಳು, ಚವಳಿಕಾಯಿ, ಎಳ್ಳು, ನಡುನಡುವೆ ಮತೀರಾ ಅನ್ನುವ ನಾಟಿ ಕಲ್ಲಂಗಡಿ. ಇವಕ್ಕೆ ಟಾಂಕಾದ ನೀರು ಬೇಡ, ಮಳೆಯೇ ಸಾಕು. ಮಳೆ ಕೈಕೊಟ್ಟರೆ ಬೆಳೆ ಹೋಯಿತು, ಅದನ್ನೂ ಮಕ್ಕಳು ನೋಡಲಿ. ಚಳಿಗಾಲಕ್ಕೆ ಹತ್ತಡಿ ಹತ್ತಡಿಯ ನಾಲ್ಕು ಮಡಿ. ಮೆಂತ್ಯ, ಪಾಲಕ್, ಮೂಲಂಗಿ. ಮಡಿಯ ನಡುವೆ ಕುತ್ತಿಗೆವರೆಗೆ ಹೂತ ಮಣ್ಣಿನ ಗಡಿಗೆ, ಬಾಯಿಗೆ ಮುಚ್ಚಳ. ನೀರು ಗಡಿಗೆಯ ಮೈಯಿಂದ ಜಿನುಗಿ ಬೇರಿಗೆ ಹೋಗುತ್ತದೆ, ಬಿಸಿಲಿಗೆ ಸಿಗುವುದಿಲ್ಲ. ಗಡಿಗೆ ಹೊಸದಿರಬೇಕು, ಹೊಳಪು ಕೊಟ್ಟಿರಬಾರದು. ಕುಂಬಾರರಿಗೆ ಹೇಳಿ ಸ್ವಲ್ಪ ಮರಳು ಹೆಚ್ಚು ಬೆರೆಸಿ ಸುಡಿಸಿಕೊಂಡೆವು. ಈ ಗಡಿಗೆಗೆ ಎರಡು ದಿನಕ್ಕೊಮ್ಮೆ ನೀರು ತುಂಬುವ ಸರದಿಗೆ ಮಕ್ಕಳು ಜಗಳವಾಡುತ್ತಿದ್ದರು. ಮುಚ್ಚಳ ಎತ್ತಿ, ಒಳಗೆ ಕೈ ಬಿಟ್ಟು, ನೀರು ಎಷ್ಟು ಇಳಿದಿದೆ ಅಂತ ಬೆರಳಲ್ಲಿ ಅಳೆಯುವುದು ಅವರಿಗೆ ಎಲ್ಲಕ್ಕಿಂತ ಇಷ್ಟ.

ಊಟದ ತಟ್ಟೆಗಳನ್ನು ಅಲ್ಲಿ ಮೊದಲು ಒಣ ಮರಳಿನಲ್ಲಿ ತಿಕ್ಕುತ್ತಾರೆ, ಆಮೇಲೆ ಸ್ವಲ್ಪವೇ ನೀರಲ್ಲಿ ಜಾಲಿಸುತ್ತಾರೆ. ಇದನ್ನು ನಿಲ್ಲಿಸಿ ಸೋಪಿನ ಪುಡಿ ತನ್ನಿ ಅಂತ ಹೇಳುವವರು ಇದ್ದರು. ನಾನು ಬೇಡ ಅಂದೆ. ಕೈ, ತಟ್ಟೆ ತೊಳೆದ ನೀರು ಮಗುವಿಗೆ ಒಂದೂವರೆ ಲೀಟರ್ ಅಂದರೂ ದಿನಕ್ಕೆ 180 ಲೀಟರ್. ಜಲ್ಲಿ ತುಂಬಿದ ಗುಂಡಿಯ ಮೂಲಕ ಅದು ನಿಂಬೆ, ದಾಳಿಂಬೆ ಬುಡಕ್ಕೆ ಹೋಗುತ್ತದೆ. ತರಕಾರಿ ಮಡಿಗೆ ಅದನ್ನು ಬಿಡಲಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇಸಿಗೆ ರಜೆಯದ್ದು. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಶಾಲೆಯಲ್ಲಿ ಮಕ್ಕಳಿಲ್ಲ, ಊಟವಿಲ್ಲ, ಕೈ ತೊಳೆದ ನೀರಿಲ್ಲ. ಗಿಡಗಳಿಗೆ ನೀರು ಬೇಕಾಗುವುದು ಆ ಆರು ವಾರಗಳಲ್ಲೇ. ಶಾಲಾ ತೋಟಗಳು ಸಾಯುವುದು ರಜೆಯಲ್ಲಿ. ಇದು ನಿಮಗೂ ಗೊತ್ತಿರುವ ಮಾತು. ಪುಣ್ಯದ ಮಾತಿನಿಂದ ಇದು ಬಗೆಹರಿಯುವುದಿಲ್ಲ, ಒಪ್ಪಂದ ಬೇಕು. ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು: ರಜೆಯಲ್ಲಿ ವಾರಕ್ಕೆರಡು ಸಲ ಕಾಕೀ ಮನೆಯವರು ಮರಗಿಡಗಳಿಗೆ ನೀರು ಹಾಕುವುದು, ಅದಕ್ಕೆ ಬದಲಾಗಿ ವರ್ಷಪೂರ್ತಿ ಬೇಲಿಯ ಸೇವಣ್ ಹುಲ್ಲು ಕೊಯ್ದುಕೊಳ್ಳುವ ಹಕ್ಕು ಅವರದ್ದು. ಹಾಳೆ ಮೇಲೆ ಬರೆದು, ಎಲ್ಲರೂ ಸಹಿ ಹಾಕಿ, ಆಫೀಸಿನ ಗೋಡೆಗೆ ಅಂಟಿಸಿದೆವು. ತರಕಾರಿ ಮಡಿಗಳನ್ನು ಮಾರ್ಚ್ ಕೊನೆಗೆ ಖಾಲಿ ಮಾಡಿ, ಸಜ್ಜೆ ದಂಟು ಹೊದಿಸಿ ಮಲಗಿಸಿಬಿಡುತ್ತಿದ್ದೆವು. ಬೇಸಿಗೆಯಲ್ಲೂ ಪಾಲಕ್ ಬೆಳೆದು ತೋರಿಸಬೇಕು ಅನ್ನುವ ಹಟ ಬೇಡ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಮೇಡಂ ಒಬ್ಬರು ಕೇಳಿದರು: “ಸರ್, ನಮ್ಮ ನರ್ಸರಿಗಳಲ್ಲಿ ಬನ್ನಿ ಸಸಿ ಕೇಳಿದರೆ ಕೊಡಲ್ಲ. ಎಲ್ಲಿಂದ ತರೋದು?” ತರಬೇಡಿ ಮೇಡಂ, ನೀವೇ ಮಾಡಿಕೊಳ್ಳಿ ಅಂದೆ. ಊರಲ್ಲಿ ಹಿರಿಯರಿಗೆ ಗೊತ್ತಿರುವ ಹಳೇ ಬನ್ನಿ ಇದ್ದೇ ಇರುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಕಾಯಿ ಹಣ್ಣಾಗಿ ಉದುರುತ್ತದೆ, ಮಕ್ಕಳ ಕೈಯಲ್ಲಿ ಆರಿಸಿ ಬೀಜ ಬಿಡಿಸಿ. ಬಿಸಿನೀರಿಗೆ ಹಾಕಿ ಒಂದು ರಾತ್ರಿ ಬಿಡಿ. ಬೇರು ನೇರ ಕೆಳಗಿಳಿಯುವ ಮರ, ಹಾಗಾಗಿ ಗಿಡ್ಡ ಚೀಲ ಬೇಡ, ಒಂದಡಿ ಉದ್ದದ ಚೀಲ ತಗೊಳ್ಳಿ. ಚೀಲಕ್ಕೆ ಎರಡು ಬೀಜ, ಅರ್ಧ ಬೆರಳಿನಾಳ. ಮೊಳಕೆ ಬಂದ ಮೇಲೆ ಸೊರಗಿದ್ದನ್ನು ಕತ್ತರಿಸಿ, ಕೀಳಬೇಡಿ. ಮುಂದಿನ ವರ್ಷ ಜುಲೈನಲ್ಲಿ ನೆಲಕ್ಕೆ ಹಾಕಿ. ಮತ್ತೆ, ಹಾಕುವ ಮುಂಚೆ ಒಂದು ಜೋರು ಮಳೆ ಬರುವವರೆಗೆ ಕಾಯಿರಿ. ಮಕ್ಕಳನ್ನು ವರಾಂಡದಲ್ಲಿ ನಿಲ್ಲಿಸಿ, ಅಂಗಳದ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ. ಗೆರೆಗಳು ಶುರುವಾಗುವ ಜಾಗದಲ್ಲಿ ಗುಂಡಿ ತೋಡಬೇಡಿ.